ಚರ್ಚೆ: ಸಮಾಜವಾದದಿಂದ ಮಾರುಕಟ್ಟೆಗೆ ತಿರುಗಿದ ದೇಶಗಳಲ್ಲಿ ಜನರ ಉಳಿತಾಯ ಎಲ್ಲಿಗೆ ಹೋಯಿತು?

ದಾವಣಗೆರೆ ವೈದ್ಯ

ಕಳೆದ ವಾರ ಇಲ್ಲಿ ಒಬ್ಬರು "ಮಾರುಕಟ್ಟೆಗೆ ಬಂದ ಮೇಲೆ ರಷ್ಯಾದವರು ಉದ್ಧಾರವಾದರು" ಎಂದು ಬರೆದಿದ್ದರು. ಅದರ ಕೆಳಗೇ ಇನ್ನೊಬ್ಬರು "ಹಾಳಾಗಿ ಹೋದರು" ಎಂದಿದ್ದರು. ಎರಡೂ ಒಂದೊಂದೇ ಸಾಲು. ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಾನು 1989ರಿಂದ 1996ರವರೆಗೆ ವೊರೊನೆಜ್ ನಗರದಲ್ಲಿ ವೈದ್ಯಕೀಯ ಓದಿದವನು. ಹೋದಾಗ ಆ ದೇಶದ ಹೆಸರು ಸೋವಿಯತ್ ಒಕ್ಕೂಟ, ಹಿಂದಿರುಗುವಾಗ ರಷ್ಯಾ. ಹೆಸರು ಬದಲಾದದ್ದನ್ನು ಜಗತ್ತೆಲ್ಲ ನೋಡಿತು. ನಾನು ನೋಡಿದ ಇನ್ನೊಂದು ಬದಲಾವಣೆಯನ್ನು ಹೇಳುತ್ತೇನೆ.

ನಮ್ಮ ಹಾಸ್ಟೆಲಿನ ಬಾಗಿಲು ಕಾಯಲು ಒಬ್ಬ ಅಜ್ಜಿ ಇದ್ದರು. ಎಲ್ಲರೂ ಬಾಬುಷ್ಕಾ ಎಂದೇ ಕರೆಯುತ್ತಿದ್ದೆವು. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರು, ಮಕ್ಕಳಿಲ್ಲ. ಬಾಗಿಲ ಬಳಿಯ ಮೇಜಿನ ಮುಂದೆ ಕುಳಿತು ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದರು. ಮೇಜಿನ ಖಾನೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ, ಡಬ್ಬಿಯೊಳಗೆ ಕರವಸ್ತ್ರದಲ್ಲಿ ಸುತ್ತಿದ ಉಳಿತಾಯದ ಪಾಸ್‌ಬುಕ್. ಒಮ್ಮೆ ನನಗೆ ತೆರೆದು ತೋರಿಸಿದ್ದರು. ನಾಲ್ಕು ಸಾವಿರ ರೂಬಲ್‌ಗೆ ಸ್ವಲ್ಪ ಹೆಚ್ಚು ಇತ್ತು. ಅದು ಅವರ ಶವಸಂಸ್ಕಾರದ ಹಣ. ಆ ದೇಶದ ಮುದುಕಿಯರು ಹೀಗೆ ಕೂಡಿಡುವ ಹಣಕ್ಕೆ ಒಂದು ಹೆಸರೇ ಇದೆ, "ಶವಪೆಟ್ಟಿಗೆಯ ದುಡ್ಡು" ಎಂಬ ಅರ್ಥದ್ದು. "ನಾನು ಸತ್ತಾಗ ಯಾರೂ ಯಾರ ಮುಂದೆಯೂ ಕೈಚಾಚಬಾರದು" ಎಂದಿದ್ದರು. ನನ್ನ ಅಜ್ಜಿಯೂ ಟ್ರಂಕಿನ ತಳದಲ್ಲಿ ಹೊಸ ಸೀರೆಯೊಂದಿಗೆ ಇಂಥದೇ ಒಂದು ಗಂಟು ಇಟ್ಟಿದ್ದಳು. ಹಾಗಾಗಿ ಆ ಮಾತು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

1990ರಲ್ಲಿ ಅಲ್ಲಿಯ ಸರಾಸರಿ ಸಂಬಳ ತಿಂಗಳಿಗೆ ಸುಮಾರು 300 ರೂಬಲ್. ಅಂದರೆ ಅಜ್ಜಿಯ ಬಳಿ ಒಂದು ವರ್ಷದ ಸಂಬಳಕ್ಕಿಂತ ಹೆಚ್ಚೇ ಇತ್ತು. 1992ರ ಜನವರಿ 2ರಂದು ಸರ್ಕಾರದಲ್ಲಿ ಆರ್ಥಿಕ ಸುಧಾರಣೆಯ ಹೊಣೆ ಹೊತ್ತಿದ್ದ ಯೆಗೋರ್ ಗೈದಾರ್ ಅವರ ತಂಡ ಬಹುತೇಕ ಎಲ್ಲ ಬೆಲೆಗಳ ಮೇಲಿನ ನಿಯಂತ್ರಣ ತೆಗೆಯಿತು. ಆ ಒಂದೇ ವರ್ಷದಲ್ಲಿ ಬೆಲೆಗಳು ಇಪ್ಪತ್ತೈದು ಪಟ್ಟಿಗೂ ಹೆಚ್ಚಾದವು. ಡಿಸೆಂಬರಿನ ಹೊತ್ತಿಗೆ ಸರಾಸರಿ ಸಂಬಳವೇ ತಿಂಗಳಿಗೆ 16,000 ರೂಬಲ್ ಆಗಿತ್ತು. ಅಜ್ಜಿಯ ಪಾಸ್‌ಬುಕ್ಕಿನಲ್ಲಿ ಅಂಕಿ ಅಷ್ಟೇ ಇತ್ತು. ಬದುಕಿನುದ್ದಕ್ಕೂ ಕೂಡಿಟ್ಟದ್ದು ಒಂದು ವಾರದ ಕೂಲಿಯಾಯಿತು.

ಹಾಗೆಂದು ಹಳೆಯ ವ್ಯವಸ್ಥೆ ಚೆನ್ನಾಗಿತ್ತು ಎಂದು ನಾನು ಹೇಳುವವನಲ್ಲ. 1991ರ ಚಳಿಗಾಲದಲ್ಲಿ ಅಂಗಡಿಗೆ ಹೋದರೆ ಕಪಾಟಿನ ತುಂಬ ಮೂರು ಲೀಟರಿನ ಗಾಜಿನ ಜಾಡಿಗಳಲ್ಲಿ ಬರ್ಚ್ ಮರದ ರಸ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಸಕ್ಕರೆಗೆ ಕೂಪನ್, ಸೋಪಿಗೆ ಕೂಪನ್. ಯಾವ ಸಾಲು ಯಾವುದಕ್ಕೆಂದು ಕೇಳದೆಯೇ ಹಿಂದೆ ಹೋಗಿ ನಿಲ್ಲುತ್ತಿದ್ದೆವು. ಬದಲಾವಣೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ನನ್ನ ಪ್ರಶ್ನೆ ಒಂದೇ. ಆ ಬದಲಾವಣೆಯ ಬೆಲೆಯನ್ನು ಆ ಅಜ್ಜಿಯೇ ಕೊಡಬೇಕಾಗಿತ್ತೇ? ಬೇರೆ ದೇಶಗಳಲ್ಲಿ ಇದು ಹೇಗೆ ನಡೆಯಿತು? ಬಲ್ಲವರು ದಯವಿಟ್ಟು ಬರೆಯಿರಿ.

ಸಕಲೇಶಪುರದ ಬೆಳೆಗಾರ

ಡಾಕ್ಟರೇ, ನೀವು ಅಲ್ಲಿ ಸಾಲಿನಲ್ಲಿ ನಿಂತಿದ್ದಾಗ ನಾವು ಇಲ್ಲಿ ಕಾಫಿ ಚೀಲಗಳ ಮುಂದೆ ತಲೆಮೇಲೆ ಕೈಹೊತ್ತು ಕುಳಿತಿದ್ದೆವು. ಒಕ್ಕೂಟ ಒಡೆದ ಪೆಟ್ಟು ಮಲೆನಾಡಿಗೂ ಬಿದ್ದಿತ್ತು ಎಂಬುದು ಇಂದಿನವರಿಗೆ ಗೊತ್ತಿಲ್ಲ.

1942ರ ಕಾಫಿ ಕಾಯಿದೆಯ ಪ್ರಕಾರ ನಾವು ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ, ಅಂದರೆ ಎಲ್ಲರ ಕಾಫಿಯನ್ನು ಒಟ್ಟುಗೂಡಿಸಿ ಮಾರುವ ವ್ಯವಸ್ಥೆಗೆ, ಒಪ್ಪಿಸಬೇಕಿತ್ತು. ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಹಾಕಿ ರಸೀದಿ ತಂದರೆ ನಮ್ಮ ಕೆಲಸ ಮುಗಿಯಿತು. ದರ್ಜೆಗೆ ತಕ್ಕಂತೆ ಪಾಯಿಂಟು, ಪಾಯಿಂಟಿಗೆ ಇಷ್ಟೆಂದು ಹಣ. ಅದೂ ಒಂದೇ ಸಲಕ್ಕಲ್ಲ, ಕಂತು ಕಂತಾಗಿ. ಕೊನೆಯ ಕಂತು ಬರುವ ಹೊತ್ತಿಗೆ ಮುಂದಿನ ಫಸಲು ಗಿಡದಲ್ಲಿರುತ್ತಿತ್ತು. ಆ ಪೂಲಿನ ಕಾಫಿಯಲ್ಲಿ ದೊಡ್ಡ ಪಾಲು ಕೊಳ್ಳುತ್ತಿದ್ದವರು ಸೋವಿಯತ್ತಿನವರು. ಡಾಲರಿನ ಮಾತಿಲ್ಲ, ರೂಪಾಯಿ-ರೂಬಲ್ ಲೆಕ್ಕ. ಅವರು ಯಂತ್ರ, ಎಣ್ಣೆ, ಶಸ್ತ್ರಾಸ್ತ್ರ ಕೊಡುವುದು, ನಾವು ಚಹಾ, ಕಾಫಿ, ಗೋಡಂಬಿ, ತಂಬಾಕು, ಬಟ್ಟೆ ಕೊಡುವುದು. 1991ರ ಡಿಸೆಂಬರಿನಲ್ಲಿ ಕೊಳ್ಳುವ ದೇಶವೇ ಇಲ್ಲವಾಯಿತು. ನಮ್ಮ ತಂದೆ ರೇಡಿಯೊದಲ್ಲಿ ಸುದ್ದಿ ಕೇಳಿ "ಇನ್ನು ನಮ್ಮ ಕಾಫಿ ಕುಡಿಯುವವರು ಯಾರು?" ಎಂದದ್ದು ನನಗೆ ಇಂದಿಗೂ ನೆನಪಿದೆ.

ಮುಂದಿನ ಕಥೆ ಎಲ್ಲರಿಗೂ ಗೊತ್ತು. ಮಂಡಳಿಯ ಹಿಡಿತ ಹಂತ ಹಂತವಾಗಿ ಸಡಿಲವಾಯಿತು. ಮೊದಲು ಬೆಳೆಯ ಒಂದು ಪಾಲನ್ನು ನಾವೇ ಮಾರಬಹುದು ಎಂದರು, ಆಮೇಲೆ ಆ ಪಾಲನ್ನು ಹೆಚ್ಚಿಸಿದರು, 1996ಕ್ಕೆ ಪೂಲೇ ಹೋಯಿತು. ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಲೆ ಏರಿದ್ದರಿಂದ ನಮಗೆ ಉಸಿರಾಡಲು ಅವಕಾಶ ಸಿಕ್ಕಿತು. ನಮ್ಮನ್ನು ಮಾರುಕಟ್ಟೆಗೆ ಬಿಟ್ಟವರು ನಾಲ್ಕೈದು ವರ್ಷ ಕೈಹಿಡಿದು ನಡೆಸಿದರು. ಡಾಕ್ಟರು ಹೇಳಿದ ಅಜ್ಜಿಯನ್ನು ಜನವರಿಯ ಚಳಿಯಲ್ಲಿ ಒಂದೇ ರಾತ್ರಿಗೆ ಹೊರಗೆ ನಿಲ್ಲಿಸಿದರು. ನನಗೆ ಅರ್ಥವಾಗುವ ವ್ಯತ್ಯಾಸ ಇಷ್ಟೇ.

ಇನ್ನೊಂದು ವಿಷಯ. ಭಾರತ ಸೋವಿಯತ್ತಿಗೆ ಕೊಡಬೇಕಿದ್ದ ಹಳೆಯ ಸಾಲದ ಲೆಕ್ಕವನ್ನು 1993ರ ಜನವರಿಯಲ್ಲಿ ರಷ್ಯಾದ ಅಧ್ಯಕ್ಷ ಯೆಲ್ಟ್ಸಿನ್ ದೆಹಲಿಗೆ ಬಂದಾಗ ಇತ್ಯರ್ಥ ಮಾಡಿಕೊಂಡರು. ನಾವು ರೂಪಾಯಿಯಲ್ಲಿ ತೀರಿಸುವುದು, ಆ ರೂಪಾಯಿಯಲ್ಲಿ ಅವರು ಇಲ್ಲಿನ ಸರಕು ಕೊಳ್ಳುವುದು. ನಮ್ಮ ಕಾಫಿ ಮತ್ತೆ ರಷ್ಯಾದ ದಾರಿ ಹಿಡಿದದ್ದು ಹಾಗೆ. ಎರಡು ಸರ್ಕಾರಗಳ ನಡುವಿನ ಸಾಲಕ್ಕೆ ಇಷ್ಟು ಕಾಳಜಿಯಿಂದ ದಾರಿ ಹುಡುಕಿದರು.

ಧಾರವಾಡದ ಅಧ್ಯಾಪಕ

ಡಾಕ್ಟರ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ. ಸ್ವಲ್ಪ ಕಹಿಯಾಗಬಹುದು, ಕ್ಷಮಿಸಿ.

ಅಜ್ಜಿಯ ಹಣ 1992ರ ಜನವರಿಯಲ್ಲಿ ಸುಟ್ಟುಹೋದದ್ದಲ್ಲ. ಅದು ಮೊದಲೇ ಟೊಳ್ಳಾಗಿತ್ತು. ಸರ್ಕಾರ ಸಂಬಳ ಕೊಡುತ್ತಲೇ ಇತ್ತು, ಅಂಗಡಿಯಲ್ಲಿ ಸರಕು ಇರಲಿಲ್ಲ. ಕೊಳ್ಳಲು ಏನೂ ಇಲ್ಲದಾಗ ಹಣ ಪಾಸ್‌ಬುಕ್ಕಿನಲ್ಲಿ ಕೂರುತ್ತದೆ. ಆ ಹಣವನ್ನು ಸರ್ಕಾರವೇ ತೆಗೆದು ತನ್ನ ಬಜೆಟ್ಟಿನ ಕೊರತೆ ತುಂಬಿಕೊಂಡಿತ್ತು. ಬೆಲೆ ಬಿಟ್ಟ ದಿನ ಆ ಟೊಳ್ಳು ಕಣ್ಣಿಗೆ ಕಂಡಿತು, ಅಷ್ಟೇ.

ಪೋಲೆಂಡಿನಲ್ಲೂ ಹೀಗೆಯೇ ಆಯಿತು. 1989ರ ಅಕ್ಟೋಬರ್ ಒಂದೇ ತಿಂಗಳಲ್ಲಿ ಅಲ್ಲಿ ಬೆಲೆಗಳು ಶೇ. 50ಕ್ಕೂ ಹೆಚ್ಚು ಏರಿದ್ದವು. 1990ರ ಜನವರಿ 1ರಂದು ಹಣಕಾಸು ಮಂತ್ರಿ ಲೆಶೆಕ್ ಬಾಲ್ಟ್ಸೆರೊವಿಚ್ ಅವರ ಯೋಜನೆ ಜಾರಿಗೆ ಬಂತು. ಬೆಲೆ ಮುಕ್ತ, ಆಮದು ಮುಕ್ತ, ಡಾಲರಿಗೆ 9,500 ಜ್ಲೋಟಿ ಎಂದು ನಿಗದಿ, ಸಂಬಳವನ್ನು ಮಿತಿಮೀರಿ ಏರಿಸಿದ ಸರ್ಕಾರಿ ಕಾರ್ಖಾನೆಗೆ ದಂಡದಂಥ ತೆರಿಗೆ. ಆ ಜನವರಿಯಲ್ಲಿ ಬೆಲೆ ಇನ್ನೂ ಶೇ. 80ರಷ್ಟು ಜಿಗಿಯಿತು. ಪೋಲೆಂಡಿನ ಅಜ್ಜಿಯರ ಹಣವೂ ಕರಗಿತು. ಉತ್ಪಾದನೆ ಎರಡು ವರ್ಷ ಕುಸಿಯಿತು. ನಿರುದ್ಯೋಗ ಸೊನ್ನೆಯಿಂದ 1993ರ ಹೊತ್ತಿಗೆ ಶೇ. 16ಕ್ಕೆ ಬಂತು. ಆದರೆ 1992ರಲ್ಲಿ ಬೆಳವಣಿಗೆ ಮರಳಿತು, 1996ರ ಹೊತ್ತಿಗೆ ದೇಶ 1989ರ ಮಟ್ಟ ಮುಟ್ಟಿತು. ರಷ್ಯಾದ ಉತ್ಪಾದನೆ 1998ರ ಹೊತ್ತಿಗೆ ಸುಮಾರು ಶೇ. 40ರಷ್ಟು ಕುಸಿಯಿತು.

ಎರಡೂ ಕಡೆ ಒಂದೇ ಔಷಧ ಕುಡಿಸಿದರು ಎಂದು ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಪೋಲೆಂಡ್ ಹಣ ಅಚ್ಚು ಹಾಕುವುದನ್ನು ನಿಲ್ಲಿಸಿತು. ರಷ್ಯಾ ಅರ್ಧ ವರ್ಷ ಬಿಗಿ ಹಿಡಿದು, 1992ರ ಬೇಸಿಗೆಯಲ್ಲಿ ಕೈಬಿಟ್ಟು, ಕಾರ್ಖಾನೆಗಳಿಗೆ ಸಾಲ ಸುರಿಯಿತು. ಅದಲ್ಲದೆ ಒಕ್ಕೂಟ ಒಡೆದರೂ ರೂಬಲ್ ಒಡೆದಿರಲಿಲ್ಲ. ಹಲವು ಹೊಸ ಗಣರಾಜ್ಯಗಳ ಕೇಂದ್ರ ಬ್ಯಾಂಕುಗಳು ಒಂದೇ ನಾಣ್ಯದಲ್ಲಿ ಸಾಲ ಹುಟ್ಟಿಸುತ್ತಿದ್ದವು. ಒಂದೇ ಅಡುಗೆಮನೆಯಲ್ಲಿ ಹತ್ತು ಜನ ಉಪ್ಪು ಹಾಕಿದಂತಾಯಿತು.

ಎಲ್ಲಕ್ಕಿಂತ ಮುಖ್ಯವಾದದ್ದು ಆಸ್ತಿಯ ವಿಷಯ. ಪೋಲೆಂಡ್ ಬೆಲೆಗಳನ್ನು ಒಂದೇ ದಿನ ಬಿಟ್ಟಿತು, ದೊಡ್ಡ ಕಾರ್ಖಾನೆಗಳನ್ನು ಮಾತ್ರ ನಿಧಾನವಾಗಿ, ಒಂದೊಂದಾಗಿ ಮಾರಿತು. ನಡುವಿನ ಜಾಗವನ್ನು ಸಣ್ಣ ವ್ಯಾಪಾರಿಗಳು ತುಂಬಿದರು. ವಾರ್ಸಾದ ಬೀದಿಗಳಲ್ಲಿ ಮಡಚುವ ಮಂಚ ಬಿಡಿಸಿ ಅದರ ಮೇಲೆ ಸೋಪು, ಬಾಳೆಹಣ್ಣು, ಬಟ್ಟೆ ಮಾರಿದವರು ಆ ದೇಶದ ಮೊದಲ ಉದ್ಯಮಿಗಳು. ಅಲ್ಲಿಯ ಒಂದು ದೊಡ್ಡ ಕ್ರೀಡಾಂಗಣವೇ ಸಂತೆಯಾಗಿ ಬಿಟ್ಟಿತು. 1991ರ ಏಪ್ರಿಲ್‌ನಲ್ಲಿ ಷೇರು ಪೇಟೆ ಶುರುವಾದಾಗ ಕಂಪನಿಗಳು ಬರೀ ಐದು, ಕಟ್ಟಡ ಮಾತ್ರ ಕಮ್ಯುನಿಸ್ಟ್ ಪಕ್ಷದ ಹಳೆಯ ಕೇಂದ್ರ ಕಚೇರಿ.

ನಿವೃತ್ತ ಟರ್ನರ್, ಬೆಂಗಳೂರು

ಸರ್, ನಿಮ್ಮ ಲೆಕ್ಕ ಓದಿದೆ. ನಾನು ಮೂವತ್ತೊಂದು ವರ್ಷ ಸಾರ್ವಜನಿಕ ವಲಯದ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತವನು, ಸಂಘದ ಕಾರ್ಯಕರ್ತನೂ ಆಗಿದ್ದೆ. ನಮ್ಮ ಶೆಡ್ಡಿನಲ್ಲಿ ಸೋವಿಯತ್ ಯಂತ್ರಗಳಿದ್ದವು. ಭಾರೀ ತೂಕ, ಒರಟು ಮೈ, ಆದರೆ ಇಪ್ಪತ್ತು ವರ್ಷ ಮುನಿಸಿಕೊಳ್ಳದೆ ದುಡಿದವು. ನಮ್ಮ ಮಕ್ಕಳು ಸೋವಿಯತ್ ಪತ್ರಿಕೆಯ ನುಣುಪು ಕಾಗದವನ್ನು ಪಠ್ಯಪುಸ್ತಕಕ್ಕೆ ರಟ್ಟು ಹಾಕಿಕೊಳ್ಳುತ್ತಿದ್ದರು. ನವಕರ್ನಾಟಕದ ಮಳಿಗೆಯಲ್ಲಿ ಎರಡು ಮೂರು ರೂಪಾಯಿಗೆ ಬಣ್ಣದ ಚಿತ್ರಗಳ ಪುಸ್ತಕ ಸಿಗುತ್ತಿತ್ತು. ಆ ದೇಶದ ಬಗ್ಗೆ ನನಗಿದ್ದ ಪ್ರೀತಿ ಕುರುಡಾಗಿತ್ತು ಎಂದು ಯಾರಾದರೂ ಹೇಳಿದರೆ ನಾನು ವಾದಿಸುವುದಿಲ್ಲ. ಆದರೆ ನೀವು ಪೋಲೆಂಡನ್ನು ಗೆಲುವು ಎಂದಾಗ ನನಗೆ ಮಾತನಾಡಲೇಬೇಕೆನಿಸುತ್ತದೆ.

ಗ್ದಾನ್ಸ್ಕ್ ಹಡಗುಕಟ್ಟೆಯ ಕಾರ್ಮಿಕರು 1980ರಲ್ಲಿ ಮುಷ್ಕರ ಹೂಡಿ ಸಾಲಿಡಾರಿಟಿ ಸಂಘ ಕಟ್ಟಿದರು. ಜೈಲು ಕಂಡರು, ಸೈನ್ಯದ ಆಡಳಿತ ಕಂಡರು. ಕೊನೆಗೆ ಸರ್ಕಾರವನ್ನೇ ಮಾತುಕತೆಗೆ ಎಳೆದು ತಂದರು. ಅದೇ ಹಡಗುಕಟ್ಟೆ 1996ರಲ್ಲಿ ದಿವಾಳಿಯಾಯಿತು. ಬಾಗಿಲು ತೆರೆದವರನ್ನೇ ಹೊರಗಿಟ್ಟು ಬಾಗಿಲು ಹಾಕಿದಂತಲ್ಲವೇ? ಅಲ್ಲಿಯ ಸರ್ಕಾರಿ ಕೃಷಿಕ್ಷೇತ್ರಗಳನ್ನು ಮುಚ್ಚಿದಾಗ ಆಳುಗಳಿಗೆ ಭೂಮಿಯೂ ಇಲ್ಲ, ಪೇಟೆಗೆ ಹೋಗಲು ಬಸ್ಸೂ ಇಲ್ಲ ಎಂಬಂತಾಯಿತು. ಅವರು ನಿಮ್ಮ ಬೆಳವಣಿಗೆಯ ಅಂಕಿಯಲ್ಲಿ ಎಲ್ಲಿದ್ದಾರೆ?

ರಷ್ಯಾದ್ದಂತೂ ಹಗಲು ದರೋಡೆ. 1995ರಲ್ಲಿ ಸರ್ಕಾರಕ್ಕೆ ಸಾಲ ಕೊಟ್ಟ ಬ್ಯಾಂಕುಗಳು, ಸರ್ಕಾರ ಅಡವಿಟ್ಟ ಷೇರುಗಳ ಹರಾಜನ್ನು ತಾವೇ ನಡೆಸಿ ತಾವೇ ಗೆದ್ದವು. ನೊರಿಲ್ಸ್ಕ್ ನಿಕ್ಕಲ್ ಎಂಬ ಗಣಿ ಕಂಪನಿಯ ಶೇ. 38 ಪಾಲು 17 ಕೋಟಿ ಡಾಲರಿಗೆ ಹೋಯಿತು. ಯೂಕೋಸ್ ತೈಲ ಕಂಪನಿಯ ಶೇ. 45 ಪಾಲು 15.9 ಕೋಟಿ ಡಾಲರಿಗೆ ಹೋಯಿತು. ಧ್ರುವಪ್ರದೇಶದ ಹಿಮದಲ್ಲಿ ಕೈದಿಗಳ ಕೈಯಲ್ಲಿ ಕಟ್ಟಿಸಿದ ಊರು ಅದು ನೊರಿಲ್ಸ್ಕ್. ಅದನ್ನು ಕಟ್ಟಿದವರ ಮೂಳೆಗಳು ಅಲ್ಲೇ ನೆಲದಲ್ಲಿವೆ. 1998ರಲ್ಲಿ ತಿಂಗಳುಗಟ್ಟಲೆ ಸಂಬಳ ಸಿಗದ ಗಣಿ ಕಾರ್ಮಿಕರು ರೈಲು ಹಳಿಗಳ ಮೇಲೆ ಕುಳಿತರು, ಮಾಸ್ಕೋದ ಸರ್ಕಾರಿ ಭವನದ ಎದುರಿನ ಸೇತುವೆಯ ಮೇಲೆ ಹೆಲ್ಮೆಟ್ ಕುಟ್ಟಿ ಸದ್ದು ಮಾಡಿದರು. ಆ ಸದ್ದನ್ನು ನಾನು ಟಿವಿಯಲ್ಲಿ ಕೇಳಿದ್ದೇನೆ. ಅದು ನನಗೆ ಪರಿಚಿತ ಸದ್ದು.

ಧಾರವಾಡದ ಅಧ್ಯಾಪಕ

ನೀವು ಹೇಳಿದ್ದರಲ್ಲಿ ಒಂದು ಅಕ್ಷರವನ್ನೂ ನಾನು ಅಲ್ಲಗಳೆಯುವುದಿಲ್ಲ. ಸರ್ಕಾರಿ ಕೃಷಿಕ್ಷೇತ್ರಗಳ ಊರುಗಳನ್ನು ಮರೆತದ್ದು ನನ್ನ ತಪ್ಪೇ.

ಒಂದು ಮಾತು ಮಾತ್ರ ಸೇರಿಸುತ್ತೇನೆ. ಪೋಲೆಂಡಿನ ಜನ 1993ರ ಚುನಾವಣೆಯಲ್ಲಿ ಸುಧಾರಕರನ್ನು ಸೋಲಿಸಿ, ಹಳೆಯ ಕಮ್ಯುನಿಸ್ಟರಿಂದ ಹುಟ್ಟಿದ ಪಕ್ಷವನ್ನು ಗೆಲ್ಲಿಸಿದರು. ಆ ಸರ್ಕಾರ ಮಾರುಕಟ್ಟೆಯನ್ನು ಕೈಬಿಡಲಿಲ್ಲ, ಮಾರಾಟದ ವೇಗವನ್ನು ಇಳಿಸಿತು. ನಿರುದ್ಯೋಗ ಭತ್ಯೆಗೆ ಜನ ಕಾರ್ಮಿಕ ಮಂತ್ರಿ ಯಾಟ್ಸೆಕ್ ಕುರೋನ್ ಅವರ ಹೆಸರನ್ನೇ ಇಟ್ಟಿದ್ದರು. ಅಂದರೆ ನೋವಿಗೆ ಒಂದು ಹೆಸರಿತ್ತು, ಬೈಯಲು ಒಬ್ಬ ಮಂತ್ರಿಯಿದ್ದ, ಸಿಟ್ಟು ತೀರಿಸಲು ಮತವಿತ್ತು. ರಷ್ಯಾದಲ್ಲಿ 1993ರ ಅಕ್ಟೋಬರ್‌ನಲ್ಲಿ ಅಧ್ಯಕ್ಷರೇ ಸಂಸತ್ ಭವನದ ಮೇಲೆ ಟ್ಯಾಂಕ್ ಹಾರಿಸಿದರು.

ಲೈಪ್‌ಜಿಗ್ ಕನ್ನಡತಿ

ನಾನಿರುವ ಲೈಪ್‌ಜಿಗ್ ಹಿಂದೆ ಪೂರ್ವ ಜರ್ಮನಿಯ ಊರು. ಇಲ್ಲಿ ಉಳಿತಾಯ ಹೋಗಲಿಲ್ಲ, ಕೆಲಸ ಹೋಯಿತು. ಹಾಗಾಗಿ ಡಾಕ್ಟರ ಪ್ರಶ್ನೆಗೆ ಇಲ್ಲಿಂದ ಬೇರೆಯೇ ಉತ್ತರವಿದೆ.

1989ರ ಸೋಮವಾರಗಳಂದು ಲೈಪ್‌ಜಿಗ್ ಜನ ಮೇಣದಬತ್ತಿ ಹಿಡಿದು ಬೀದಿಗಿಳಿದರು. ಅಕ್ಟೋಬರ್ 9ರಂದು ಸುಮಾರು 70,000 ಜನ ಸೇರಿದರು, ಗುಂಡು ಹಾರಲಿಲ್ಲ, ಒಂದು ತಿಂಗಳಲ್ಲಿ ಬರ್ಲಿನ್ ಗೋಡೆ ಬಿತ್ತು. ಮುಂದಿನ ಚಳಿಗಾಲದ ಘೋಷಣೆ ಪಶ್ಚಿಮ ಜರ್ಮನಿಯ ನಾಣ್ಯದ ಬಗ್ಗೆ: "ಡಿ-ಮಾರ್ಕ್ ಇಲ್ಲಿಗೆ ಬಂದರೆ ನಾವು ಇರುತ್ತೇವೆ, ಬರದಿದ್ದರೆ ನಾವೇ ಅದರ ಬಳಿ ಹೋಗುತ್ತೇವೆ." 1990ರ ಜುಲೈ 1ರಂದು ಅದು ಬಂತು. ಸಂಬಳ, ಪಿಂಚಣಿಗೆ ಒಂದು ಪೂರ್ವದ ಮಾರ್ಕಿಗೆ ಒಂದು ಪಶ್ಚಿಮದ ಮಾರ್ಕ್. ಉಳಿತಾಯದಲ್ಲಿ ವಯಸ್ಕರಿಗೆ 4,000 ಮಾರ್ಕ್‌ವರೆಗೆ, ಅರವತ್ತು ವರ್ಷದ ಮೇಲಿನವರಿಗೆ 6,000ದವರೆಗೆ ಒಂದಕ್ಕೆ ಒಂದು, ಅದಕ್ಕಿಂತ ಹೆಚ್ಚಿನದಕ್ಕೆ ಎರಡಕ್ಕೆ ಒಂದು. ಗಮನಿಸಿ, ಮುದುಕರಿಗೆಂದೇ ಹೆಚ್ಚಿನ ಮಿತಿ ಇಟ್ಟಿದ್ದರು. ಡಾಕ್ಟರ ಅಜ್ಜಿ ಇಲ್ಲಿದ್ದಿದ್ದರೆ ಅವರ ನಾಲ್ಕು ಸಾವಿರ ಇಡಿಯಾಗಿ ಉಳಿಯುತ್ತಿತ್ತು.

ಆದರೆ ಅದೇ ದಿನ ಕಾರ್ಖಾನೆಗಳ ಕತ್ತು ಕುಯ್ದಂತಾಯಿತು. ಅಲ್ಲಿಯವರೆಗೆ ರಫ್ತಿನ ಲೆಕ್ಕದಲ್ಲಿ ಒಂದು ಪಶ್ಚಿಮದ ಮಾರ್ಕಿಗೆ 4.4 ಪೂರ್ವದ ಮಾರ್ಕ್ ಹಿಡಿಯುತ್ತಿದ್ದರು. ಇಲ್ಲಿನ ಸರಕು ರಾತ್ರಿ ಕಳೆಯುವುದರೊಳಗೆ ನಾಲ್ಕು ಪಟ್ಟು ದುಬಾರಿಯಾಯಿತು. 1991ರ ಜನವರಿಯಿಂದ ಹಳೆಯ ಗಿರಾಕಿಗಳಾದ ಸೋವಿಯತ್ತಿನವರೂ ಡಾಲರಿನಲ್ಲಿ ಹಣ ಕೊಡಬೇಕಾಯಿತು, ಅವರ ಬಳಿ ಡಾಲರ್ ಇರಲಿಲ್ಲ. ಸುಮಾರು 8,500 ಉದ್ಯಮಗಳು, 40 ಲಕ್ಷ ಕೆಲಸಗಾರರು ಸರ್ಕಾರಿ ಉದ್ಯಮಗಳನ್ನು ಖಾಸಗಿಯವರಿಗೆ ಮಾರಲೆಂದಿದ್ದ ಟ್ರಾಯ್‌ಹಾಂಡ್ ಎಂಬ ಒಂದೇ ಸಂಸ್ಥೆಯ ಕೈಗೆ ಬಂದಿದ್ದರು. ಅದು ಮಾರಿತು, ಒಡೆಯಿತು, ಮುಚ್ಚಿತು. 1994ರ ಕೊನೆಗೆ ಲೆಕ್ಕ ಮುಗಿಸಿದಾಗ ಲಾಭದ ಬದಲು 250 ಶತಕೋಟಿ ಮಾರ್ಕಿಗೂ ಹೆಚ್ಚು ನಷ್ಟ ಉಳಿದಿತ್ತು. ಕೆಲಸಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿದ್ದವು.

ನನ್ನ ಮಹಡಿಯ ಮೇಲಿನ ಮನೆಯಲ್ಲಿ ಎಂಬತ್ತರ ಹತ್ತಿರದ ಒಬ್ಬರಿದ್ದಾರೆ. ಪ್ಲಾಗ್ವಿಟ್ಸ್ ಬಡಾವಣೆಯ ಹತ್ತಿ ಗಿರಣಿಯಲ್ಲಿ ನೂಲು ತೆಗೆಯುತ್ತಿದ್ದವರು. 1884ರಲ್ಲಿ ಶುರುವಾದ ಗಿರಣಿ, ಒಂದು ಕಾಲಕ್ಕೆ ಯುರೋಪಿನ ಅತಿ ದೊಡ್ಡವುಗಳಲ್ಲಿ ಒಂದು. 90ರ ದಶಕದ ಆರಂಭದಲ್ಲಿ ನಿಂತಿತು. ಈಗ ಅಲ್ಲಿ ಚಿತ್ರಕಾರರ ಸ್ಟುಡಿಯೊಗಳು, ಗ್ಯಾಲರಿಗಳು. ಒಂದು ಭಾನುವಾರ ಅವರನ್ನು ಕರೆದುಕೊಂಡು ಹೋಗಿದ್ದೆ. ಅವರು ಒಂದು ಚಿತ್ರವನ್ನೂ ನೋಡಲಿಲ್ಲ. ನೆಲದ ಮೇಲೆ ಯಂತ್ರದ ಬೋಲ್ಟುಗಳ ಗುರುತು ಹುಡುಕಿ, ಅದರ ಪಕ್ಕದಲ್ಲಿ ನಿಂತು "ಇಲ್ಲಿ ನಾನು, ಅಲ್ಲಿ ನನ್ನ ಅಕ್ಕ" ಎಂದರು. ಪಿಂಚಣಿ ಚೆನ್ನಾಗಿ ಬರುತ್ತದೆ, ಔಷಧಿಗೆ ಕೊರತೆಯಿಲ್ಲ. ಮಗ ಮಾತ್ರ 1991ರಲ್ಲಿ ಕೆಲಸ ಹುಡುಕಿ ಸ್ಟುಟ್‌ಗಾರ್ಟ್‌ಗೆ ಹೋದವನು ಅಲ್ಲೇ ಉಳಿದ.

ಇಳಕಲ್ ನೇಕಾರ

ಅಕ್ಕಾ, ಗಿರಣಿಯ ಮಾತು ಓದಿ ಕೈ ತಡೆಯಲಿಲ್ಲ. ರಷ್ಯಾದಲ್ಲಿ ಇವಾನೊವೊ ಎಂಬ ನೇಕಾರಿಕೆಯ ಊರಿದೆ. ಗಿರಣಿಗಳಲ್ಲಿ ಹೆಂಗಸರೇ ಹೆಚ್ಚು, ಅದಕ್ಕೆ "ಮದುಮಗಳಂದಿರ ಊರು" ಎಂಬ ಅಡ್ಡಹೆಸರು. 1905ರಲ್ಲಿ ಕಾರ್ಮಿಕರ ಮೊದಲ ಸೋವಿಯತ್, ಅಂದರೆ ಮಂಡಳಿ, ಹುಟ್ಟಿದ್ದೇ ಆ ಊರಿನ ಗಿರಣಿ ಮುಷ್ಕರದಲ್ಲಿ. ಅವರ ಹತ್ತಿ ಬರುತ್ತಿದ್ದದ್ದು ಉಜ್ಬೇಕಿಸ್ತಾನದಿಂದ. ಒಕ್ಕೂಟ ಒಡೆದ ಮೇಲೆ ಹತ್ತಿ ವಿದೇಶದ ಸರಕಾಯಿತು, ವಿದೇಶದ ಬೆಲೆಯಾಯಿತು, ಮಗ್ಗಗಳು ನಿಂತವು. ನೂಲಿನ ಬೆಲೆ ಏರಿದರೆ ಮಗ್ಗ ಹೇಗೆ ನಿಲ್ಲುತ್ತದೆ ಎಂಬುದನ್ನು ನಮ್ಮ ಓಣಿಯಲ್ಲಿ ಯಾರೂ ಪುಸ್ತಕದಲ್ಲಿ ಓದಿ ತಿಳಿಯಬೇಕಾಗಿಲ್ಲ.

ಇನ್ನೊಂದು. ಆ ಕಾಲದಲ್ಲಿ ಕೆಲಸ ಕಳೆದುಕೊಂಡ ಶಿಕ್ಷಕಿಯರು, ಎಂಜಿನಿಯರುಗಳು ದೊಡ್ಡ ಚೌಕುಳಿ ಚೀಲ ಹೊತ್ತು ಟರ್ಕಿ, ಪೋಲೆಂಡ್, ಚೀನಾಕ್ಕೆ ಹೋಗಿ ಬಟ್ಟೆ ತಂದು ಮಾರುತ್ತಿದ್ದರು. ಅವರನ್ನು ರಷ್ಯನ್ ಭಾಷೆಯಲ್ಲಿ "ಚೆಲ್ನೋಕ್" ಎನ್ನುತ್ತಾರಂತೆ. ಚೆಲ್ನೋಕ್ ಎಂದರೆ ಮಗ್ಗದ ಲಾಳಿ. ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ. ಲಾಳಿ ಓಡಿದರೆ ಬಟ್ಟೆಯಾಗುತ್ತದೆ. ಆ ಹೆಣ್ಣುಮಕ್ಕಳ ಓಡಾಟದಿಂದ ಎಷ್ಟೋ ಮನೆಗಳ ಒಲೆ ಉರಿಯಿತು. ಅವರಿಗೆ ಯಾವ ಹರಾಜಿನಲ್ಲೂ ಏನೂ ಸಿಗಲಿಲ್ಲ.

ಪಿಯುಸಿ ಓದುತ್ತಿರುವವಳು

ಚೀನಾದಲ್ಲಿ ಯಾಕೆ ಹೀಗಾಗಲಿಲ್ಲ? ಅಲ್ಲಿಯೂ ಕಮ್ಯುನಿಸ್ಟ್ ವ್ಯವಸ್ಥೆಯೇ ಇತ್ತಲ್ಲವೇ?

ಧಾರವಾಡದ ಅಧ್ಯಾಪಕ

ಒಳ್ಳೆಯ ಪ್ರಶ್ನೆ ಮಗಳೇ. 1978ರಲ್ಲಿ ಚೀನಾದ ದುಡಿಯುವವರಲ್ಲಿ ಶೇ. 70ರಷ್ಟು ರೈತರು. ಭೂಮಿಯನ್ನು ಕುಟುಂಬಗಳಿಗೆ ಸಾಗುವಳಿಗೆ ಬಿಟ್ಟ ಕೂಡಲೇ ಫಸಲು ಹೆಚ್ಚಿತು, ಊಟ ಹೆಚ್ಚಿತು. ಬೆಲೆಯಲ್ಲೂ ಎರಡು ದಾರಿ ಇಟ್ಟರು. ಸರ್ಕಾರಕ್ಕೆ ಕೊಡಬೇಕಾದದ್ದನ್ನು ನಿಗದಿತ ಬೆಲೆಗೆ ಕೊಡು, ಮಿಕ್ಕದ್ದನ್ನು ಪೇಟೆಯಲ್ಲಿ ಮಾರು. ರಷ್ಯಾದ ಜನ ಆಗಲೇ ನಗರಗಳಲ್ಲಿ, ದೊಡ್ಡ ಕಾರ್ಖಾನೆಗಳಲ್ಲಿ ಇದ್ದರು. ಅವರಿಗೆ ಆ ದಾರಿ ಅಷ್ಟು ಸುಲಭವಾಗಿ ಒದಗುತ್ತಿರಲಿಲ್ಲ. ಹಾಗೆಂದು ಚೀನಾದಲ್ಲಿ ನೋವಿರಲಿಲ್ಲ ಎಂದಲ್ಲ. 90ರ ದಶಕದ ಕೊನೆಯಲ್ಲಿ ಸರ್ಕಾರಿ ಕಾರ್ಖಾನೆಗಳಿಂದ ಎರಡು ಕೋಟಿಗೂ ಹೆಚ್ಚು ಜನರನ್ನು ಹೊರಗೆ ಕಳಿಸಿದರು. ಅವರಿಗೆ ಮತವಿರಲಿಲ್ಲ, ಸ್ವತಂತ್ರ ಸಂಘವೂ ಇರಲಿಲ್ಲ.

ನಿವೃತ್ತ ಬ್ಯಾಂಕ್ ನೌಕರಳು, ಉಡುಪಿ

ಉಳಿತಾಯದ ಬಗ್ಗೆಯೇ ಚರ್ಚೆಯಾದ್ದರಿಂದ ಒಂದು ಮಾತು. ಪಾಸ್‌ಬುಕ್ಕಿನ ಮೇಲೆ ನಂಬಿಕೆ ಹೋದ ಜನ ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ಕೌಂಟರಿನ ಹಿಂದೆ ಕುಳಿತವರು ಬಲ್ಲರು. ಹೆಚ್ಚು ಬಡ್ಡಿ ಎಂದು ಕೂಗುವವನ ಬಳಿಗೆ ಹೋಗುತ್ತಾರೆ. ರಷ್ಯಾದಲ್ಲಿ ಹೊಸಬರ ಹಣದಲ್ಲೇ ಹಳಬರಿಗೆ ಬಡ್ಡಿ ಕೊಡುತ್ತಿದ್ದ ಸೆರ್ಗೆಯ್ ಮಾವ್ರೋದಿಯ ಎಂಎಂಎಂ ಕಂಪನಿ 1994ರ ಬೇಸಿಗೆಯಲ್ಲಿ ಮುಳುಗಿದಾಗ ಲಕ್ಷಾಂತರ ಜನ ಹಣ ಕಳೆದುಕೊಂಡರು. ಅದೇ ವರ್ಷ ಆ ಮನುಷ್ಯ ಸಂಸತ್ತಿಗೆ ಆಯ್ಕೆಯಾದ, ಹಣ ಮರಳಿ ಸಿಗಬಹುದೆಂಬ ಆಸೆಯಿಂದ ಜನರೇ ಮತ ಹಾಕಿದರು.

ಅಲ್ಬೇನಿಯಾದಲ್ಲಿ ಇನ್ನೂ ಘೋರ. ಮೂವತ್ತು ಲಕ್ಷ ಜನರ ದೇಶ. ಮನೆ ಮಾರಿ, ದನ ಮಾರಿ ಇಂಥದೇ ಪಿರಮಿಡ್ ಕಂಪನಿಗಳಿಗೆ ಹಣ ಹಾಕಿದರು. ಆ ಕಂಪನಿಗಳು ಜನರಿಗೆ ಕೊಡಬೇಕಿದ್ದ ಮೊತ್ತ ದೇಶದ ವಾರ್ಷಿಕ ಉತ್ಪನ್ನದ ಅರ್ಧಕ್ಕೆ ಹತ್ತಿರ ಬಂದಿತ್ತು. 1997ರಲ್ಲಿ ಎಲ್ಲ ಕುಸಿದಾಗ ಜನ ಶಸ್ತ್ರಾಗಾರಗಳನ್ನು ಒಡೆದರು, ಸರ್ಕಾರ ಬಿತ್ತು, ಸುಮಾರು 2,000 ಜನ ಸತ್ತರು. ಹಣಕಾಸು ಪತ್ರಿಕೆಗಳು ಇದನ್ನು ವಂಚನೆ ಪ್ರಕರಣ ಎಂದು ಬರೆದವು. ನನ್ನ ದೃಷ್ಟಿಯಲ್ಲಿ ಅದು ಒಂದು ದೇಶದ ನಂಬಿಕೆಯೇ ಬೆಂದುಹೋದ ಕಥೆ. ಡಾಕ್ಟರೇ, ಆ ಅಜ್ಜಿಯೂ ಇಂಥ ಕಡೆ ಹಣ ಹಾಕಿದರೇ? ಸರ್ಕಾರಿ ಆಸ್ತಿಯಲ್ಲಿ ಪಾಲು ಕೊಳ್ಳಲೆಂದು ರಷ್ಯಾದಲ್ಲಿ ಜನರಿಗೆ ಹಂಚಿದ ವೌಚರ್ ಅವರಿಗೂ ಸಿಕ್ಕಿತ್ತೇ?

ದಾವಣಗೆರೆ ವೈದ್ಯ

ಎಲ್ಲರಿಗೂ ನಮಸ್ಕಾರ. ಎರಡು ದಿನ ಓ.ಪಿ.ಡಿ. ಕೆಲಸದಲ್ಲಿ ಬರೆಯಲಾಗಲಿಲ್ಲ.

ಮೇಡಂ, ವೌಚರ್ ಅವರಿಗೂ ಸಿಕ್ಕಿತ್ತು. 1992ರ ಅಕ್ಟೋಬರಿನಿಂದ ಮಗು ಮುದುಕರೆನ್ನದೆ ಪ್ರತಿಯೊಬ್ಬರಿಗೂ ಒಂದೊಂದು, ಮುಖಬೆಲೆ 10,000 ರೂಬಲ್. ಮುಂದೆ ಒಂದೊಂದು ವೌಚರ್ ಎರಡು ವೋಲ್ಗಾ ಕಾರಿನಷ್ಟು ಬೆಲೆಬಾಳುತ್ತದೆ ಎಂದು ಖಾಸಗೀಕರಣದ ಹೊಣೆ ಹೊತ್ತಿದ್ದ ಅನಾತೋಲಿ ಚುಬಾಯ್ಸ್ ಹೇಳಿದ್ದು ಆ ಕಾಲದಲ್ಲಿದ್ದ ಯಾರಿಗೂ ಮರೆತಿಲ್ಲ. ಅಜ್ಜಿ ನನ್ನನ್ನು ಕೇಳಿದರು, "ಮಗನೇ, ನೀನು ಓದಿದವನು, ಇದನ್ನು ಏನು ಮಾಡಲಿ?" ನನಗೆ ಇಪ್ಪತ್ತೊಂದು ವರ್ಷ. ಏನೂ ಗೊತ್ತಿರಲಿಲ್ಲ. ಕಾರ್ಖಾನೆಯಲ್ಲಿದ್ದವರಿಗೆ ತಮ್ಮ ಕಾರ್ಖಾನೆಯ ಷೇರು ಕೊಳ್ಳುವ ದಾರಿಯಾದರೂ ಇತ್ತು. ಬಾಗಿಲು ಕಾಯುವವರಿಗೆ ಯಾವ ಕಾರ್ಖಾನೆ? ಸಂತೆಯ ಗೇಟಿನಲ್ಲಿ "ವೌಚರ್ ಕೊಳ್ಳುತ್ತೇನೆ" ಎಂದು ರಟ್ಟಿನ ಫಲಕ ಕುತ್ತಿಗೆಗೆ ಹಾಕಿಕೊಂಡು ಗಂಡಸರು ನಿಂತಿರುತ್ತಿದ್ದರು. 1993ರ ಚಳಿಗಾಲದಲ್ಲಿ ಅಜ್ಜಿ ಅದನ್ನು ಮುಖಬೆಲೆಯ ಅರ್ಧಕ್ಕಿಂತ ಕಡಿಮೆಗೆ ಮಾರಿ ಒಂದು ಮೂಟೆ ಆಲೂಗಡ್ಡೆ ತಂದರು. ಮೂಟೆ ಹೊತ್ತು ತಂದವನು ನಾನೇ.

ಅಧ್ಯಾಪಕರೇ, ಹಣ ಮೊದಲೇ ಟೊಳ್ಳಾಗಿತ್ತು ಎಂದಿರಿ. ಒಪ್ಪುತ್ತೇನೆ. ಆದರೆ ಆ ಹಣವನ್ನು ಬಳಸಿಕೊಂಡದ್ದು ಸರ್ಕಾರ, ಆ ಸರ್ಕಾರದ ಬಳಿ ಕಾರ್ಖಾನೆ, ಗಣಿ, ತೈಲಬಾವಿ ಎಲ್ಲವೂ ಇದ್ದವು. ಸಾಲಗಾರ ದಿವಾಳಿಯಾದರೆ ಮನೆ ಜಪ್ತಿ ಮಾಡಿ ಸಾಲ ಕೊಟ್ಟವರಿಗೆ ಹಂಚುವುದು ನ್ಯಾಯ. ಇದು ನನ್ನ ಕಲ್ಪನೆಯಲ್ಲ. 1991ರ ಜುಲೈನಲ್ಲಿ ರಷ್ಯಾದ ಸಂಸತ್ತು ಪ್ರತಿ ಪ್ರಜೆಯ ಹೆಸರಿನಲ್ಲಿ ಖಾಸಗೀಕರಣದ ಖಾತೆ ತೆರೆಯುವ ಕಾನೂನನ್ನೇ ಮಾಡಿತ್ತು. ಹೆಸರಿನ ಖಾತೆಯಾದರೆ ಸಂತೆಯ ಗೇಟಿನಲ್ಲಿ ಮಾರಲು ಆಗುತ್ತಿರಲಿಲ್ಲ. ಆ ಕಾನೂನನ್ನು ಬದಿಗಿಟ್ಟು ಯಾರ ಹೆಸರೂ ಇಲ್ಲದ ಕಾಗದ ಹಂಚಿದರು. ಜನರಿಗೆ ನಿಜವಾಗಿ ದಕ್ಕಿದ್ದು ಒಂದೇ, ವಾಸವಿದ್ದ ಸರ್ಕಾರಿ ಮನೆಗಳನ್ನು ಉಚಿತವಾಗಿ ಅವರ ಹೆಸರಿಗೆ ಮಾಡಿಕೊಟ್ಟದ್ದು. ಅಜ್ಜಿಗೆ ಹಾಗೆ ಒಂದು ಕೋಣೆ ಸಿಕ್ಕಿತು.

1995ರ ಫೆಬ್ರವರಿಯಲ್ಲಿ ಆ ಕೋಣೆಯಲ್ಲೇ ತೀರಿಕೊಂಡರು. ನೆಲ ಹೆಪ್ಪುಗಟ್ಟಿತ್ತು, ಗುಂಡಿ ತೋಡುವವರು ಹೆಚ್ಚು ಕೇಳಿದರು. ಶವಪೆಟ್ಟಿಗೆಗೆ, ಗಾಡಿಗೆ ಬೇರೆ. ಹಾಸ್ಟೆಲಿನಲ್ಲಿ ಒಂದು ತುಪ್ಪಳದ ಟೋಪಿ ಹಿಡಿದು ಕೋಣೆಯಿಂದ ಕೋಣೆಗೆ ಹೋದೆವು. ಕೀನ್ಯಾದವರು, ಸಿರಿಯಾದವರು, ನಮ್ಮ ಕರ್ನಾಟಕದ ಹುಡುಗರು, ಎಲ್ಲರೂ ಹಾಕಿದರು. ಯಾರೂ ಯಾರ ಮುಂದೆಯೂ ಕೈಚಾಚಬಾರದು ಎಂದಿದ್ದರು ಅವರು. ನಾವು ಆರು ಜನ ಹೊತ್ತೆವು. ನಮ್ಮಲ್ಲಿಯಂತೆಯೇ ಅಲ್ಲಿಯೂ ಒಬ್ಬೊಬ್ಬರು ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಅಂದು ಮಣ್ಣು ಹಿಡಿಗೆ ಬರಲಿಲ್ಲ, ಹೆಂಟೆಯಾಗಿತ್ತು.

ಮೂರು ತಿಂಗಳ ನಂತರ ರಷ್ಯಾದ ಸಂಸತ್ತು ಹಳೆಯ ಠೇವಣಿಗಳನ್ನು ಸರ್ಕಾರದ ಸಾಲವೆಂದು ಒಪ್ಪುವ ಕಾನೂನು ಮಾಡಿತು. ಆಮೇಲೆ ತೀರಾ ಹಿರಿಯರಿಂದ ಶುರುಮಾಡಿ ಅಷ್ಟಿಷ್ಟು ಕೊಟ್ಟರು. ಪೂರ್ತಿ ತೀರಿಸುವುದನ್ನು ವರ್ಷದಿಂದ ವರ್ಷಕ್ಕೆ ಮುಂದೂಡುತ್ತಾ ಬಂದಿದ್ದಾರೆ.

ಕೋಣೆ ಖಾಲಿ ಮಾಡಿದ ದಿನ ಪಕ್ಕದ ಮನೆಯವರು ಬಿಸ್ಕತ್ತಿನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಅದು ಈಗ ನನ್ನ ಕ್ಲಿನಿಕ್ಕಿನ ಮೇಜಿನ ಖಾನೆಯಲ್ಲಿದೆ. ನಿಮಗೆಲ್ಲ ಬರೆಯುವ ಮೊದಲು ಪಾಸ್‌ಬುಕ್ ತೆರೆದು ನೋಡಿದೆ. ಕೊನೆಯ ನಮೂದು 1991ರ ನವೆಂಬರ್ ತಿಂಗಳದ್ದು. ನೀಲಿ ಶಾಯಿಯಲ್ಲಿ, ದುಂಡಗಿನ ಕೈಬರಹದಲ್ಲಿ, 20 ರೂಬಲ್ ಜಮಾ.